ಕಾವಲಿನ ಗಂಟೆ

ಬೀಗವು ಎಷ್ಟೇ ಭದ್ರವಾಗಿದ್ದರೂ ಅದನ್ನು ಮುರಿಯುವಾಗ ಮಲಗಿದವರನ್ನು ಎಚ್ಚರಿಸಲಾರದು. ಈ ಕೊರತೆಯನ್ನು ನೀಗಲು ವಿದ್ಯುಚ್ಛಕ್ತಿಯು ನೆರವಾಯಿತು.

ಅಮೆರಿಕದ ಅಗಸ್ಟಸ್ ಪೋಪ್ ಎಂಬಾತನು 1853ರಲ್ಲಿ, ಕಳ್ಳರ ಸುಳಿವು ನೀಡುವ ವಿದ್ಯುತ್ ಗಂಟೆಗೆ ಪೇಟೆಂಟ್ ಪಡೆದನು. ಕದವಾಗಲಿ ಕಿಟಕಿಯಾಗಲಿ ತೆರೆದೊಡನೆ ವಿದ್ಯುನ್ಮಂಡಲವು ಪೂರ್ಣಗೊಳ್ಳುತ್ತಿತ್ತು. ಆಗ ವಿದ್ಯುತ್ಕಾಂತವು ಪುಟ್ಟ ಸುತ್ತಿಗೆಯನ್ನು ಆಡಿಸಿ ಗಂಟೆಯನ್ನು ಬಾರಿಸುತ್ತಿತ್ತು. ಕಳ್ಳನು ಕದವನ್ನು ಮತ್ತೆ ಮುಚ್ಚಿದರೂ ಗಂಟೆ ನಿಲ್ಲುತ್ತಿರಲಿಲ್ಲ. 1857ರಲ್ಲಿ ಎಡ್ವಿನ್ ಹೋಮ್ಸ್ ಎಂಬ ವ್ಯಾಪಾರಿಯು ಇದರ ಹಕ್ಕನ್ನು ಕೊಂಡು, ಬಾಸ್ಟನ್, ನ್ಯೂಯಾರ್ಕ್ ನಗರಗಳಲ್ಲಿ ಬಳಕೆಗೆ ತಂದನು.

ಆದರೆ ಕೇಳುವವರಿಲ್ಲದ ಮನೆಯಲ್ಲಿ ಗಂಟೆ ಬಾರಿಸಿ ಫಲವೇನು? ಆದುದರಿಂದ ಹೋಮ್ಸನು ಅನೇಕ ಕಟ್ಟಡಗಳ ತಂತಿಗಳನ್ನು ಒಂದೇ ಕೇಂದ್ರಕ್ಕೆ ಜೋಡಿಸಿದನು. ಸಂಜ್ಞೆ ಬಂದೊಡನೆ ಅಲ್ಲಿಂದ ಕಾವಲುಗಾರರು ಧಾವಿಸುತ್ತಿದ್ದರು. 1877ರಲ್ಲಿ ಬಾಸ್ಟನ್ನಿನ ಇವೇ ತಂತಿಗಳ ಮೇಲೆ ದೂರವಾಣಿಯ ಪ್ರಯೋಗವೂ ನಡೆಯಿತು.

ನ್ಯೂಯಾರ್ಕಿನ ದಾದಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬಾಕೆಯು ರಾತ್ರಿಯ ವೇಳೆ ಮನೆಯಲ್ಲಿ ಹಲವೊಮ್ಮೆ ಒಂಟಿಯಾಗಿರುತ್ತಿದ್ದಳು. ಕರೆದರೆ ಪೊಲೀಸರು ಬರುವುದು ತಡವಾಗುತ್ತಿತ್ತು. ಆಕೆಯೂ ಪತಿ ಆಲ್ಬರ್ಟನೂ ಕೂಡಿ, ಬಾಗಿಲಾಚೆ ನಿಂತವರನ್ನು ಕ್ಯಾಮೆರಾದ ಮೂಲಕ ಕೋಣೆಯೊಳಗೆ ತೋರಿಸುವ, ಗುಂಡಿ ಒತ್ತಿದೊಡನೆ ನೆರವಿಗೆ ಸುದ್ದಿ ಮುಟ್ಟಿಸುವ ಸಾಧನವನ್ನು ರೂಪಿಸಿದರು. ಅದಕ್ಕೆ 1969ರಲ್ಲಿ ಪೇಟೆಂಟ್ ದೊರೆಯಿತು.

ಯಂತ್ರವು ಕೂಗಿ ಕರೆಯಬಲ್ಲದು. ಆ ಕರೆಗೆ ಓಗೊಟ್ಟು ಬರುವವರಿದ್ದಾಗಲೇ ಅದು ಸಾರ್ಥಕ.