ಮನೆತನದ ಬೇರು ಹುಡುಕುವವರಿಗೆ

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಲ್ಲಿ ಮುತ್ತಜ್ಜನ ಹೆಸರು ಹುಡುಕುವವರೇ, ಕನ್ನಡದ ಕಾಗದ ಸಿಗಲಿಲ್ಲವೆಂದು ದಾಖಲೆಯೇ ಇಲ್ಲ ಎಂದುಕೊಳ್ಳಬೇಡಿ. 1948ರವರೆಗೆ ಈ ನೆಲ ನಿಜಾಮರ ಆಳ್ವಿಕೆಯಲ್ಲಿತ್ತು. 1880ರ ದಶಕದಿಂದ ಆಡಳಿತ ನಡೆದದ್ದು ಉರ್ದುವಿನಲ್ಲಿ. 1905ರವರೆಗೆ ಲಿಂಗಸುಗೂರೇ ಬೇರೆ ಜಿಲ್ಲೆಯಾಗಿತ್ತು, ಮಸ್ಕಿ ತಾಲ್ಲೂಕಾದದ್ದು ಇತ್ತೀಚೆಗೆ. ಆದ್ದರಿಂದ ಊರಿನ ಕಾಗದವನ್ನು ಅಂದಿನ ತಾಲ್ಲೂಕಿನ ಹೆಸರಿನಲ್ಲಿ ಕೇಳಬೇಕು. ಇಂದಿನ ಪಹಣಿಯ ಸರ್ವೆ ನಂಬರ್ ಹಿಡಿದು 1954-55ರ ಖಾಸ್ರಾ ಪಹಣಿಗೆ ಹೋಗಿ. ಅಲ್ಲಿಂದ ಹಿಂದಿನ ಹೆಸರುಗಳ ದಾರಿ ತೆರೆಯುತ್ತದೆ. ಕಾಗದದಲ್ಲಿ ಫಸಲಿ ವರ್ಷ, ಅಂದರೆ ಅಂದಿನ ಕಂದಾಯ ವರ್ಷ, ಇದ್ದರೆ ಅದಕ್ಕೆ 590 ಕೂಡಿಸಿ: ಫಸಲಿ 1357 ಎಂದರೆ 1947-48.

ಹೊಲವೇ ಇಲ್ಲದ ಮನೆತನದವರು ಏನು ಮಾಡಬೇಕು ಎಂದು ಕೇಳಬಹುದು. ಅಂಥವರಿಗೆ ಶಾಲೆಯ ದಾಖಲಾತಿ ಪುಸ್ತಕವಿದೆ, ವಂಶಾವಳಿ ಹೇಳುವುದನ್ನೇ ಕುಲಕಸುಬಾಗಿಸಿಕೊಂಡ ಹೆಳವರಿದ್ದಾರೆ. ಬಾಯಿಮಾತನ್ನು ನಂಬುವುದು ಹೇಗೆ ಎಂಬ ಅನುಮಾನ ಸಹಜ. ಆದರೆ ಸರ್ಕಾರಿ ಕಾಗದದಲ್ಲೂ ತಪ್ಪುಗಳಿರುತ್ತವೆ. ಉರ್ದು ಲಿಪಿಯಲ್ಲಿ ಬರೆದ ಕನ್ನಡದ ಹೆಸರು ಬೇರೆಯಾಗಿ ಓದಿಸಿಕೊಳ್ಳಬಹುದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ನಮ್ಮದು, ಹೀಗಾಗಿ ಒಂದೇ ಹೆಸರು ಎರಡು ತಲೆಮಾರಿಗೆ ಸೇರಿರಬಹುದು. ಹೆಳವರು ಹೆಸರುಗಳ ಸಾಲು ಕೊಡುತ್ತಾರೆ, ಕಾಗದ ಇಸವಿ ಕೊಡುತ್ತದೆ. ತಂದೆಯ ಹೆಸರು, ಅಡ್ಡಹೆಸರು, ಊರು ಮೂರೂ ಎರಡು ಕಡೆ ಹೊಂದಿದಾಗ ಮಾತ್ರ ಖಚಿತವೆನ್ನಿ. ಹೆಣ್ಣುಮಕ್ಕಳ ಹೆಸರು ಕಾಗದದಲ್ಲಿ ಅಪರೂಪ. ಅದನ್ನು ಮನೆಯ ಹಿರಿಯ ಅಮ್ಮಂದಿರಿಂದಲೇ ಕೇಳಿ ಬರೆದಿಡಿ. ಉರ್ದು ಓದಬಲ್ಲ ಹಿರಿಯರು ಊರಲ್ಲಿರುವಾಗಲೇ ನಿಮ್ಮ ಹಳೆಯ ಕಾಗದಗಳನ್ನು ಓದಿಸಿ, ಕನ್ನಡದಲ್ಲಿ ಬರೆದು ಮಕ್ಕಳ ಕೈಗಿಡಿ.