ಓದಲು ಯಾವುದು ಒಳ್ಳೆಯದು: ಇ-ರೀಡರೋ, ಟ್ಯಾಬೋ?

ಬೇಸಿಗೆ ರಜೆಯಲ್ಲಿ ದುಬೈಯಿಂದ ಬಂದ ಮಾಮ ತಮ್ಮ ಹಳೆಯ ಇ-ರೀಡರ್ ನನಗೆ ಕೊಟ್ಟರು. “ಬಣ್ಣ ಇಲ್ಲ, ವಿಡಿಯೋ ಇಲ್ಲ, ಇದೇನು ಸ್ಲೇಟಾ?” ಎಂದು ತಂಗಿ ನಕ್ಕಳು. ಮನೆಯಲ್ಲಿ ಆಗಲೇ ಟ್ಯಾಬ್ ಇದ್ದುದರಿಂದ ನನಗೂ ಅದು ಬೇಡವೆನಿಸಿತ್ತು.

2007ರಲ್ಲಿ ಅಮೆಜಾನ್‌ನ ಕಿಂಡಲ್, 2010ರಲ್ಲಿ ಆಪಲ್‌ನ ಐಪ್ಯಾಡ್ ಬಂದವು. ನೋಡಲು ಎರಡೂ ಒಂದೇ ತರಹದ ಹಲಗೆ, ಆದರೆ ಪರದೆ ಬೇರೆ. ಟ್ಯಾಬ್‌ನ ಪರದೆ ಬೆಳಕನ್ನು ಹೊರಸೂಸುತ್ತದೆ. ಇ-ರೀಡರ್‌ನ ಪರದೆ ಕಾಗದದಂತೆ ತನ್ನ ಮೇಲೆ ಬಿದ್ದ ಬೆಳಕನ್ನು ಪ್ರತಿಫಲಿಸುತ್ತದೆ. ಅದರೊಳಗೆ ಅತಿ ಸಣ್ಣ ಕೋಶಗಳಿದ್ದು, ಅವುಗಳ ದ್ರವದಲ್ಲಿ ಬಿಳಿ ಮತ್ತು ಕಪ್ಪು ಕಣಗಳಿರುತ್ತವೆ. ಇವುಗಳ ವಿದ್ಯುದಾವೇಶ ಪರಸ್ಪರ ವಿರುದ್ಧ. ವಿದ್ಯುತ್ ಕ್ಷೇತ್ರ ಕೊಟ್ಟಾಗ ಒಂದು ಬಣ್ಣದ ಕಣಗಳು ಮೇಲೆ ಬಂದು, ಇನ್ನೊಂದು ಬಣ್ಣದವು ಕೆಳಗಿಳಿಯುತ್ತವೆ, ಅಕ್ಷರ ಮೂಡುತ್ತದೆ. ದ್ವಿತೀಯ ಪಿಯುಸಿ ಭೌತಶಾಸ್ತ್ರದ ಮೊದಲ ಅಧ್ಯಾಯವೇ ಇಲ್ಲಿ ಕೆಲಸ ಮಾಡುತ್ತಿದೆ! ಮೂಡಿದ ಪುಟ ಹಾಗೇ ನಿಲ್ಲಲು ವಿದ್ಯುತ್ ಬೇಡ, ಪುಟ ಬದಲಿಸಲು ಮಾತ್ರ ಬೇಕು. ಹಾಗಾಗಿ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಬಿಸಿಲಿನಲ್ಲೂ ಓದಬಹುದು.

ಆದರೆ ಅದೇ ಭೌತಶಾಸ್ತ್ರದ ಎನ್‌ಸಿಇಆರ್‌ಟಿ ಪಿಡಿಎಫ್ ತೆರೆದಾಗ ನಿರಾಶೆಯಾಯಿತು. ದೊಡ್ಡ ಪುಟ ಆರು ಇಂಚಿನ ಪರದೆಗೆ ಕುಗ್ಗಿ ಅಕ್ಷರಗಳು ಇರುವೆಗಳಂತಾದವು. ಚಿತ್ರಗಳ ಬಣ್ಣ ಹೋಯಿತು. ಕಥೆ, ಕಾದಂಬರಿಯ ಇ-ಪುಸ್ತಕವಾದರೆ ಅಕ್ಷರ ದೊಡ್ಡದು ಮಾಡಿದಂತೆ ಸಾಲುಗಳೂ ಹೊಂದಿಕೊಳ್ಳುತ್ತವೆ, ಪಿಡಿಎಫ್‌ನಲ್ಲಿ ಹಾಗಾಗುವುದಿಲ್ಲ. ಪಠ್ಯಪುಸ್ತಕಕ್ಕೆ ಟ್ಯಾಬೇ ಸರಿ ಎಂದುಕೊಂಡೆ.

ಕಿರುಪರೀಕ್ಷೆಯ ಹಿಂದಿನ ರಾತ್ರಿ ಎಂಟಕ್ಕೆ ಟ್ಯಾಬ್ ಹಿಡಿದು ಕುಳಿತೆ. ಒಂದು ಸಂದೇಶ ಬಂತು. ಅದರ ಬೆನ್ನಿಗೆ ಒಂದು ವಿಡಿಯೋ, ನಂತರ ಕ್ರಿಕೆಟ್ ಸ್ಕೋರ್. ಹತ್ತು ಗಂಟೆಗೆ ನೋಡಿದರೆ ಓದಿದ್ದು ಎರಡೇ ಪುಟ. ಮರುದಿನದ ಅಂಕ ಇಲ್ಲಿ ಬರೆಯುವುದಿಲ್ಲ! ತಪ್ಪು ಟ್ಯಾಬ್‌ನದಲ್ಲ, ನನ್ನದು. ಆದರೆ ಇ-ರೀಡರ್ ಹಿಡಿದಾಗ ಆ ತಪ್ಪು ಮಾಡಲು ದಾರಿಯೇ ಇರಲಿಲ್ಲ. ತಂಗಿ ನಕ್ಕ ಕೊರತೆಯೇ ಅದರ ಗುಣವಾಗಿತ್ತು.

ಈಗ ಕಥೆ, ಪ್ರಬಂಧಗಳನ್ನು ಇ-ರೀಡರ್‌ನಲ್ಲಿ ಓದುತ್ತೇನೆ. ಚಿತ್ರ, ಲೆಕ್ಕ, ವಿಡಿಯೋ ಪಾಠಕ್ಕೆ ಟ್ಯಾಬ್. ಆಗ ಇಂಟರ್ನೆಟ್ ಬೇಡದಿದ್ದರೆ ಏರೋಪ್ಲೇನ್ ಮೋಡ್ ಹಾಕುತ್ತೇನೆ.

ಸ್ನೇಹಿತರೇ, ಇದನ್ನು ಓದಿ ಮನೆಯವರ ಬಳಿ ಹೊಸ ಸಾಧನಕ್ಕೆ ಹಟ ಹಿಡಿಯಬೇಡಿ. ಇರುವ ಫೋನಿನ ಇಂಟರ್ನೆಟ್ ಒಂದು ಗಂಟೆ ನಿಲ್ಲಿಸಿ ಓದಿ ನೋಡಿ. ಅದೂ ಆಗದಿದ್ದರೆ ನಮ್ಮ ಗ್ರಂಥಾಲಯವಿದೆ. ಅಲ್ಲಿನ ಪುಸ್ತಕಗಳಿಗೆ ಚಾರ್ಜರ್ ಬೇಡ, ಸಂದೇಶವೂ ಬರುವುದಿಲ್ಲ.