ವಸಡನ್ನು ನೋಯಿಸದ ದಂತಧಾವನ

ಪೂರಿಗಾಲಿಯ ಸುತ್ತಿನ ಹಳ್ಳಿಗಳಲ್ಲಿ ಹಲ್ಲು ಕಳೆದುಕೊಂಡ ಹಿರಿಯರನ್ನು ವಿಚಾರಿಸಿದರೆ ಬಹುಮಟ್ಟಿಗೆ ಒಂದೇ ಉತ್ತರ ಬರುತ್ತದೆ: "ಮುದ್ದೆ ನುಂಗಕ್ಕೆ ಹಲ್ಲು ಯಾಕೆ ಬೇಕು ಡಾಕ್ಟ್ರೇ?" ಮಾತು ನಗು ತರಿಸುವುದು ಸಹಜ. ರಾಗಿಮುದ್ದೆಯನ್ನು ಅಗಿಯುವವನನ್ನು ನಮ್ಮ ಸೀಮೆಯಲ್ಲಿ ಇಂದಿಗೂ ವಿಚಿತ್ರವಾಗಿ ನೋಡುತ್ತಾರೆ. ಆದರೆ ಈ ಮಾತಿನ ಹಿಂದಿನ ಕಷ್ಟ ನನಗೆ ಅರ್ಥವಾದದ್ದು ನನ್ನ ತಾಯಿಯವರ ಕೊನೆಯ ವರ್ಷಗಳಲ್ಲಿ. ಮನೆಯಲ್ಲಿ ಬಸ್ಸಾರು ಮಾಡಿದ ದಿನ ಅವರು ಸಾರಿನಲ್ಲಿ ಮುದ್ದೆ ಅದ್ದಿ ನುಂಗಿ, ಸೊಪ್ಪು ಕಾಳಿನ ಪಲ್ಯವನ್ನು ಮೊಮ್ಮಕ್ಕಳ ತಟ್ಟೆಗೆ ಬಡಿಸಿಬಿಡುತ್ತಿದ್ದರು. ಅದನ್ನು ನಾವೆಲ್ಲರೂ ವಾತ್ಸಲ್ಯವೆಂದೇ ತಿಳಿದಿದ್ದೆವು. ಬಸಿದ ನೀರಿನಲ್ಲಿ ರುಚಿಯಿದ್ದರೂ ದೇಹವನ್ನು ಪೋಷಿಸುವ ಸತ್ತ್ವದ ಬಹುಪಾಲು ಪಲ್ಯದಲ್ಲೇ ಉಳಿದಿರುತ್ತದೆ. ಹಲ್ಲಿಲ್ಲದ ಬಾಯಿ ಮೊದಲು ಬಿಡುವುದು ಸೊಪ್ಪನ್ನು, ಆಮೇಲೆ ಹುರುಳಿ, ಅವರೆ, ಸೌತೆಕಾಯಿಗಳನ್ನು. ಶರೀರ ಸೊರಗುವುದು ಹೀಗೆ, ಯಾರ ಗಮನಕ್ಕೂ ಬಾರದಂತೆ.

ತಾಯಿಯವರು ಹಲ್ಲುಜ್ಜದೆ ಹಲ್ಲು ಕಳೆದುಕೊಂಡವರಲ್ಲ. ಪ್ರತಿದಿನ ಮುಂಜಾನೆ ಸ್ನಾನಕ್ಕೂ ಲಿಂಗಪೂಜೆಗೂ ಮುನ್ನ, ಭತ್ತದ ಹೊಟ್ಟನ್ನು ಸುಟ್ಟ ಬೂದಿಗೆ ಉಪ್ಪು ಬೆರೆಸಿ ಬೆರಳಿನಿಂದ ಗಟ್ಟಿಯಾಗಿ ತಿಕ್ಕುತ್ತಿದ್ದರು. ನಾವು ಮಕ್ಕಳೂ ಹಾಗೆಯೇ ಬೆಳೆದೆವು. ಭತ್ತ ಬೆಳೆಯುವ ಊರಿನಲ್ಲಿ ಹೊಟ್ಟಿಗೇನು ಬರ! ಆದರೆ ಆ ಬೂದಿಯ ಬಹುಭಾಗ ಸಿಲಿಕಾ, ಅಂದರೆ ಮರಳಿನಲ್ಲಿರುವ ದ್ರವ್ಯವೇ. ಹಿತ್ತಾಳೆ ಪಾತ್ರೆಗೆ ಹೊಳಪು ಕೊಡುವ ಆ ಗುಣವೇ ಹಲ್ಲನ್ನು ಸವೆಸುತ್ತದೆ. ಹಲ್ಲಿನ ಮೇಲಿನ ಎನಾಮಲ್ ಎಂಬ ಕವಚವು ನಮ್ಮ ಶರೀರದಲ್ಲಿ ಅತ್ಯಂತ ಕಠಿಣವಾದ ಪದಾರ್ಥವೆಂಬುದು ನಿಜ. ಆದರೆ ಮುರಿದ ಮೂಳೆ ಕೂಡುವಂತೆ ಅದು ಮತ್ತೆ ಬೆಳೆಯುವುದಿಲ್ಲ, ಸವೆದದ್ದು ಸವೆದಂತೆಯೇ. ಅದರಲ್ಲಿಯೂ ಹಲ್ಲು ವಸಡಿಗೆ ಸೇರುವ ಕೊರಳಿನಲ್ಲಿ ಈ ಕವಚ ಬಹಳ ತೆಳು. ನನ್ನ ಎಡಗಡೆಯ ಮೇಲಿನ ಮೂರು ಹಲ್ಲುಗಳ ಕೊರಳಿನಲ್ಲಿ ಉಗುರು ಸಿಕ್ಕುವಷ್ಟು ಗೀರುಗಳಿವೆ. ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ದಂತಹರ್ಷವೆಂದು ಹೆಸರು. ಬಾಲ್ಯದ ಬೂದಿ ಅರ್ಧ ಕಾರಣವಾದರೆ, ಮುಂದೆ ಗಡಸು ಬ್ರಶ್ಶನ್ನು ಅಡ್ಡಡ್ಡಲಾಗಿ ಗರಗಸದಂತೆ ಎಳೆದದ್ದು ಇನ್ನರ್ಧ ಕಾರಣ.

ಹಾಗಾದರೆ ನಮ್ಮ ಹಿಂದಿನವರಿಗೆ ತಿಳಿದಿರಲಿಲ್ಲವೇ ಎಂದು ಓದುಗರು ಕೇಳಬಹುದು. ಗ್ರಂಥ ಬರೆದವರಿಗೆ ಚೆನ್ನಾಗಿಯೇ ತಿಳಿದಿತ್ತು. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ಸೂತ್ರಸ್ಥಾನದ ಎರಡನೆಯ ಅಧ್ಯಾಯವಾದ ದಿನಚರ್ಯೆಯಲ್ಲಿ ದಂತಧಾವನವನ್ನು ವಿವರಿಸುತ್ತಾ ಕಡ್ಡಿ 12 ಅಂಗುಲ ಉದ್ದ, ಕಿರುಬೆರಳ ತುದಿಯಷ್ಟು ದಪ್ಪ ಇರಬೇಕೆನ್ನುತ್ತಾರೆ. ರಸವು ಒಗರು, ಖಾರ ಅಥವಾ ಕಹಿಯಾಗಿರಬೇಕು. ಎಕ್ಕ, ಆಲ, ಕಗ್ಗಲಿ, ಹೊಂಗೆ, ಹೊಳೆಮತ್ತಿಗಳನ್ನು ಹೆಸರಿಸುತ್ತಾರೆ. ಹೊಂಗೆ ನಮ್ಮ ಪ್ರತಿ ಬದುವಿನ ಮೇಲಿದೆ, ಹೊಳೆಮತ್ತಿ ಕಾವೇರಿಯ ದಡದಲ್ಲಿದೆ. (ಎಕ್ಕದ ಹಾಲು ಬಾಯಿಯನ್ನೂ ಕಣ್ಣನ್ನೂ ಸುಡುವುದರಿಂದ ಅದನ್ನು ನಾನು ಯಾರಿಗೂ ಹೇಳುವುದಿಲ್ಲ.) ಬೇವು ಕಹಿ ರಸದ ಕಡ್ಡಿಗಳಲ್ಲೆಲ್ಲ ಶ್ರೇಷ್ಠವೆಂದವರು ಸುಶ್ರುತಾಚಾರ್ಯರು. ಮರದ ಹೆಸರುಗಳನ್ನು ನಾವು ಮರೆತಿಲ್ಲ. ಆದರೆ ಅದೇ ಸ್ಥಳದಲ್ಲಿ ವಾಗ್ಭಟರು ಹೇಳಿದ ಇನ್ನೂ ಮೂರು ಮಾತುಗಳನ್ನು ಕೈಬಿಟ್ಟೆವು. ಕಡ್ಡಿಯ ತುದಿ ಮೃದುವಾಗಿರಬೇಕು. ಬೆಳಗ್ಗೆಯಲ್ಲದೆ ಉಂಡ ಮೇಲೂ ಉಜ್ಜಬೇಕು. ಹಲ್ಲಿನ ಮಾಂಸ, ಅಂದರೆ ವಸಡು, ಬಾಧೆಗೊಳ್ಳಬಾರದು. ಚರಕಸಂಹಿತೆಯೂ ಎರಡು ಹೊತ್ತು ಎಂದೇ ಹೇಳುತ್ತದೆ. ಇಂದು ದಂತವೈದ್ಯರು ದಿನಕ್ಕೆ ಎರಡು ಸಲ, ಮೃದುವಾದ ಬ್ರಶ್ಶಿನಿಂದ, ವಸಡು ನೋಯದಂತೆ ಎಂದು ಹೇಳಿದಾಗ ಅದನ್ನು ಪರದೇಶದ ಪದ್ಧತಿಯೆಂದು ಹಗುರವಾಗಿ ಕಾಣುವವರು ಈ ಅಧ್ಯಾಯವನ್ನು ಇನ್ನೊಮ್ಮೆ ನೋಡಬೇಕು.

ವಸಡಿನ ಬಗ್ಗೆ ಇಷ್ಟೊಂದು ಕಾಳಜಿ ಏಕೆ? ಸುಶ್ರುತಸಂಹಿತೆಯ ನಿದಾನಸ್ಥಾನ ಬಾಯಿಯ ರೋಗಗಳನ್ನು 65 ಎಂದು ಎಣಿಸುತ್ತದೆ. ಅವುಗಳಲ್ಲಿ ಹಲ್ಲಿಗೆ ಬರುವವು 8, ಹಲ್ಲಿನ ಬುಡಕ್ಕೆ ಬರುವವು 15. ನಾವು ಕನ್ನಡಿಯಲ್ಲಿ ಹಲ್ಲಿನ ಬಿಳುಪನ್ನು ನೋಡಿ ತೃಪ್ತರಾಗುತ್ತೇವೆ. ಶಾಸ್ತ್ರಕಾರರು ಅದರ ಬುಡವನ್ನು ನೋಡಿದರು. ವಸಡಿನಿಂದ ಅಕಾರಣವಾಗಿ ರಕ್ತ ಬಂದು, ದುರ್ಗಂಧ ಹುಟ್ಟುವ ಶೀತಾದ, ಕೀವು ಒಸರಿ ಹಲ್ಲು ಅಲುಗಾಡುವ ದಂತವೇಷ್ಟ ಇವೆಲ್ಲ ಆ ಹದಿನೈದರಲ್ಲಿ ಸೇರಿವೆ. ಹಲ್ಲಿನ ಮಲವೇ ಒಣಗಿ ಕಲ್ಲುಸಕ್ಕರೆಯ ಹರಳಿನಂತೆ ಗಟ್ಟಿಯಾಗುವುದನ್ನು ದಂತಶರ್ಕರಾ ಎಂದಿದ್ದಾರೆ. ಇದೇ ನಾವು ಹಲ್ಲಿನ ಕಿಟ್ಟ ಅಥವಾ ಗಾರೆ ಎನ್ನುವಂಥದು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ವೃತ್ತಿಯ ಮೊದಲ ವರ್ಷಗಳಲ್ಲಿ ವಸಡಿನ ರಕ್ತಸ್ರಾವವೆಂದು ಬಂದವರಿಗೆಲ್ಲ ತ್ರಿಫಲಾ ಕಷಾಯದಿಂದ ಬಾಯಿ ಮುಕ್ಕಳಿಸಲು ಹೇಳಿ, ಕಾಚು ಮತ್ತು ಸೈಂಧವ ಲವಣ ಸೇರಿದ ಚೂರ್ಣವನ್ನು ಕೊಟ್ಟು, ರಕ್ತ ನಿಲ್ಲುವವರೆಗೆ ಬ್ರಶ್ ಮುಟ್ಟಬೇಡಿ ಎನ್ನುತ್ತಿದ್ದೆ. ಒಗರು ದ್ರವ್ಯಗಳ ಸ್ತಂಭನ ಗುಣದಿಂದ ರಕ್ತ ಬೇಗ ಕಡಿಮೆಯಾಗುತ್ತಿತ್ತು. ನನಗೆ ಒಳ್ಳೆಯ ಹೆಸರೂ ಬಂತು. ಅಂಥವರಲ್ಲಿ ಒಬ್ಬ ರೈತರು, ವಯಸ್ಸು ಐವತ್ತರ ಒಳಗೆ, ಮೂರು ವರ್ಷಗಳ ಬಳಿಕ ಕೆಳಗಿನ ಮುಂಭಾಗದ ಎರಡು ಹಲ್ಲುಗಳನ್ನು ಬೆರಳಿನಿಂದ ಅಲ್ಲಾಡಿಸುತ್ತಾ ಬಂದು ನಿಂತರು. ಮೈಸೂರಿನ ದಂತವೈದ್ಯರೊಬ್ಬರು ಪರೀಕ್ಷಿಸಿ, ವಸಡಿನ ಅಡಿಯಲ್ಲಿ ಕಿಟ್ಟವು ಬೇರಿನವರೆಗೆ ಕಟ್ಟಿಕೊಂಡಿದೆ, ಹಲ್ಲನ್ನು ಹಿಡಿದ ಮೂಳೆ ಕರಗಿದೆ ಎಂದರು. ಕಾರಣವನ್ನು ಒಳಗೇ ಬಿಟ್ಟು ಲಕ್ಷಣವನ್ನಷ್ಟೇ ನಾನು ಅಡಗಿಸಿದ್ದೆ. ರೋಗದ ಕಾರಣವನ್ನು ತೊರೆಯುವುದೇ ಚಿಕಿತ್ಸೆಯ ಮೊದಲ ಹೆಜ್ಜೆಯೆಂದು ಕಲಿತು ಬಂದವನು ನಾನು! ಅಲ್ಲಿಂದ ಮುಂದೆ ರಕ್ತ ಬರುವ ವಸಡಿಗೆ ನಾನು ಹೇಳುವುದು ತದ್ವಿರುದ್ಧವಾದ ಮಾತು: ಉಜ್ಜುವುದನ್ನು ಬಿಡಬೇಡಿ, ಮೃದುವಾಗಿ, ಇನ್ನಷ್ಟು ಶ್ರದ್ಧೆಯಿಂದ ಉಜ್ಜಿ, ಹತ್ತು ಹದಿನೈದು ದಿನಗಳಲ್ಲಿ ನಿಲ್ಲದಿದ್ದರೆ ದಂತವೈದ್ಯರಲ್ಲಿಗೆ ಹೋಗಿ ಕಿಟ್ಟ ತೆಗೆಸಿಕೊಳ್ಳಿ. ತೆಗೆಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ನಮ್ಮಲ್ಲಿ ಬಹಳ. ಕಿಟ್ಟವೇ ಹಲ್ಲುಗಳ ಸಂದಿಗೆ ಗಾರೆಯಂತೆ ಕೂತಿದ್ದು, ತೆಗೆದಾಗ ಅದುವರೆಗೆ ಮರೆಯಾಗಿದ್ದ ಸಡಿಲ ಗೋಚರವಾಗುತ್ತದೆ, ಅಷ್ಟೇ. ಮೂಳೆಯನ್ನು ಕರಗಿಸಿದ್ದು ಆ ಗಾರೆಯ ಆಸರೆಯಲ್ಲಿ ಬೆಳೆದ ಸೂಕ್ಷ್ಮಜೀವಿಗಳು ಮತ್ತು ಅವು ಎಬ್ಬಿಸಿದ ಉರಿಯೂತ.

ಈ ಕಿಟ್ಟ ಹುಟ್ಟುವ ಬಗೆ ತಿಳಿದರೆ ಉಜ್ಜುವ ಬಗೆಯೂ ತಾನಾಗಿ ತಿಳಿಯುತ್ತದೆ. ಎಷ್ಟೇ ತೊಳೆದರೂ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ಅಂಟಂಟಾದ ಪದರವೊಂದು ಕೂರಲಾರಂಭಿಸುತ್ತದೆ. ಇದು ಜೀವಾಣುಗಳ ಪಾಚಿ. ಕೆರೆಯ ಸೋಪಾನದ ಮೇಲಿನ ಪಾಚಿ ನೀರು ಎರಚಿದರೆ ಹೋಗುವುದಿಲ್ಲ, ತಿಕ್ಕಬೇಕು. ಆದರೆ ತಿಕ್ಕಲು ಉಳಿಯೂ ಬೇಡ. ಹಲ್ಲಿನ ಪಾಚಿಯೂ ಹಾಗೆಯೇ: ಹೊಸದಿದ್ದಾಗ ಮೃದುವಾದ ಎಳೆ ಸಾಕು. ಕೆಲವು ದಿನ ಬಿಟ್ಟರೆ ಲಾಲಾರಸದ ಸುಣ್ಣದಂಶ ಸೇರಿ ಅದೇ ಕಲ್ಲಾಗುತ್ತದೆ, ಆಗ ಯಾವ ಬ್ರಶ್ಶಿಗೂ ಬಗ್ಗುವುದಿಲ್ಲ. ಪಾಚಿಯ ಜೀವಾಣುಗಳು ನಾವು ತಿಂದ ಸಿಹಿಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲವು ಎನಾಮಲ್ಲನ್ನು ಕರಗಿಸಿ ಹುಳುಕು ಮಾಡುತ್ತದೆ. ಹಲ್ಲಿನಿಂದ ಹುಳು ತೆಗೆಯುತ್ತೇವೆಂದು ಹೊಗೆ ಹಾಕಿ ಬಟ್ಟಲಿನಲ್ಲಿ ಬಿಳಿಯ ಹುಳು ತೋರಿಸುವವರು ಜಾತ್ರೆಗಳಲ್ಲಿ ಈಗಲೂ ಇದ್ದಾರೆ; ಆ ಹುಳು ಬಟ್ಟಲಿಗೆ ಬಂದದ್ದು ಹಲ್ಲಿನಿಂದಲ್ಲ.

ಲಾಲಾರಸವೇ ಈ ಆಮ್ಲವನ್ನು ತೊಳೆದು ಹಲ್ಲನ್ನು ಕಾಯುವ ಪ್ರಕೃತಿದತ್ತ ರಕ್ಷಣೆ. ನಿದ್ರೆಯಲ್ಲಿ ಅದರ ಸ್ರಾವ ಬಹಳ ಕುಗ್ಗುತ್ತದೆ. ಆದ್ದರಿಂದ ರಾತ್ರಿ ಉಂಡು ಹಾಗೆಯೇ ಮಲಗಿದವರ ಬಾಯಿಯಲ್ಲಿ ಜೀವಾಣುಗಳಿಗೆ ಏಳೆಂಟು ಗಂಟೆ ನಿರಾತಂಕವಾದ ದಾಸೋಹ. ಪೂಜೆಗೆ ಮುನ್ನ ಬಾಯಿ ಶುದ್ಧವಾಗಿರಬೇಕೆಂಬ ಆಚಾರದಿಂದ ನಮ್ಮ ಸದ್ಭಕ್ತರು ಬೆಳಗಿನ ದಂತಧಾವನವನ್ನು ಎಂದೂ ತಪ್ಪಿಸುವುದಿಲ್ಲ. ರಾತ್ರಿಯದನ್ನು ಮಾಡುವ ಮನೆಗಳು ಬಹಳ ವಿರಳ. ಎರಡರಲ್ಲಿ ಒಂದನ್ನೇ ಮಾಡುವೆನೆಂದು ಯಾರಾದರೂ ಹಟ ಹಿಡಿದರೆ ರಾತ್ರಿಯದನ್ನು ಮಾಡಿ ಎಂದು ನಾನು ಹೇಳಿಯೇನು.

ಇನ್ನು ಉಜ್ಜುವ ಕ್ರಮ. ಬ್ರಶ್ ಮೃದುವಾದದ್ದು, ತಲೆ ಚಿಕ್ಕದು ಇರಲಿ. ಮುಷ್ಟಿ ಕಟ್ಟಿ ಹಿಡಿಯದೆ ಲೇಖನಿಯಂತೆ ಬೆರಳುಗಳಲ್ಲಿ ಹಿಡಿಯಿರಿ. ಹಾಗೆ ಹಿಡಿದಾಗ ಬಲ ತಾನಾಗಿ ಕಡಿಮೆಯಾಗುತ್ತದೆ. ಎಳೆಗಳು ಹಲ್ಲು ಮತ್ತು ವಸಡು ಕೂಡುವ ಗೆರೆಯ ಮೇಲೆ, ವಸಡಿನ ಕಡೆಗೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಕೂರಬೇಕು. ಅಲ್ಲಿಯೇ ಸಣ್ಣದಾಗಿ ನಡುಗಿಸಿದಂತೆ ಎಂಟು ಹತ್ತು ಸಲ ಆಡಿಸಿ, ಆಮೇಲೆ ಹಲ್ಲಿನ ಅಂಚಿನ ಕಡೆಗೆ ಹೊರಳಿಸಬೇಕು: ಮೇಲಿನ ಹಲ್ಲಿಗೆ ಕೆಳಮುಖವಾಗಿ, ಕೆಳಗಿನ ಹಲ್ಲಿಗೆ ಮೇಲ್ಮುಖವಾಗಿ. ಎರಡು ಮೂರು ಹಲ್ಲುಗಳಷ್ಟು ಜಾಗ ಮುಗಿಸಿ ಮುಂದಕ್ಕೆ ಸಾಗುವುದು. ಹೊರಮೈ ಆದಮೇಲೆ ಒಳಮೈ, ಕೊನೆಗೆ ದವಡೆ ಹಲ್ಲುಗಳ ಅಗಿಯುವ ಮೈ. ಕೆಳಗಿನ ಮುಂಭಾಗದ ಹಲ್ಲುಗಳ ಒಳಮೈಯನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಲಾಲಾಗ್ರಂಥಿಯ ನಾಳ ನಾಲಗೆಯಡಿ ಅಲ್ಲಿಯೇ ತೆರೆಯುವುದರಿಂದ ಕಿಟ್ಟ ಮೊದಲು ಕಟ್ಟುವುದೂ ಅಲ್ಲಿಯೇ. ನಾಲಗೆಯ ತುದಿಯಿಂದ ತಡವಿ ನೋಡಿ, ಒರಟು ತಿಳಿಯುತ್ತದೆ. ಇದಕ್ಕೆಲ್ಲ ಎರಡು ನಿಮಿಷ ಬೇಕು, ಎರಡೇ ಸಾಕು. ಬಾಯಲ್ಲಿ ಬ್ರಶ್ ಕಚ್ಚಿಕೊಂಡು ಗದ್ದೆಯವರೆಗೆ ಹೋಗಿ ನೀರು ತಿರುಗಿಸಿ ಅರ್ಧ ಗಂಟೆಯ ಮೇಲೆ ಬರುವವರನ್ನು ಕಂಡಿದ್ದೇನೆ. ಅಷ್ಟು ಹೊತ್ತು ಉಜ್ಜಿದ್ದು ಒಂದೇ ಪಕ್ಕ!

ಕಡ್ಡಿಯನ್ನೇ ಬಳಸುವ ಹಿರಿಯರು ಹೊಂಗೆ ಅಥವಾ ಬೇವಿನ ಎಳೆಯ ಕಡ್ಡಿಯ ತುದಿಯನ್ನು ಚೆನ್ನಾಗಿ ಜಗಿದು ಕುಂಚದಂತೆ ಬಿಡಿಸಿಕೊಂಡು, ವಸಡಿನಿಂದ ಅಂಚಿನ ಕಡೆಗೆ ಎಳೆಯಲಿ. ಒಣಗಿದ ಕಡ್ಡಿ ಬೇಡ. ಒಳಮೈಗೂ ಹಿಂದಿನ ದವಡೆಗೂ ಕಡ್ಡಿ ಸರಿಯಾಗಿ ತಲುಪದೆಂಬುದನ್ನು ಒಪ್ಪಿಕೊಳ್ಳಬೇಕು. ಬೆಳಗ್ಗೆ ಕಡ್ಡಿ, ರಾತ್ರಿ ಬ್ರಶ್ ಎಂಬ ಹೊಂದಾಣಿಕೆಯನ್ನು ನನ್ನ ರೋಗಿಗಳು ಸಂತೋಷದಿಂದ ಒಪ್ಪಿದ್ದಾರೆ. ಜ್ವರ, ಕೆಮ್ಮು, ವಾಂತಿ, ಬಾಯಿಹುಣ್ಣು ಇದ್ದಾಗ ದಂತಧಾವನ ವರ್ಜ್ಯವೆಂದು ವಾಗ್ಭಟರು ಹೇಳಿದ್ದು ಕಡ್ಡಿಯನ್ನು ಕುರಿತು. ಅದನ್ನು ನೆಪ ಮಾಡಿಕೊಂಡು ವಾರಗಟ್ಟಲೆ ಬಾಯಿ ತೊಳೆಯದಿರುವುದು ಸರಿಯಲ್ಲ. ಒದ್ದೆ ಬಟ್ಟೆಯಿಂದಲಾದರೂ ಒರೆಸಬೇಕು. ನಾಲಗೆಯನ್ನು ತಾಮ್ರದ ಪಟ್ಟಿಯಿಂದ ಹಗುರವಾಗಿ ಹೆರೆಯುವುದು ಉತ್ತಮ. ಎಳ್ಳೆಣ್ಣೆಯ ಗಂಡೂಷವೂ ಹಿತಕರ. ಆದರೆ ಅದು ಉಜ್ಜುವುದಕ್ಕೆ ಬದಲಿಯಲ್ಲ.

ಪೇಸ್ಟಿನ ವಿಷಯದಲ್ಲಿ ಆಯುರ್ವೇದ ವೈದ್ಯನಾದ ನನ್ನಿಂದ ಬೇರೆ ಉತ್ತರವನ್ನು ನಿರೀಕ್ಷಿಸುವವರಿದ್ದಾರೆ. ಹುಳುಕನ್ನು ತಡೆಯುವಲ್ಲಿ ಫ್ಲೋರೈಡ್ ಇರುವ ಪೇಸ್ಟಿಗೆ ಸಮನಾದದ್ದನ್ನು ನಾನು ಕಂಡಿಲ್ಲ. ಪೊಟ್ಟಣದ ಮೇಲೆ ಎಲೆ ಬೇರುಗಳ ಚಿತ್ರವಿದ್ದರೆ ಸಾಲದು, ಫ್ಲೋರೈಡ್ ಇದೆಯೇ ಎಂದು ಓದಿ ನೋಡಬೇಕು. ಪಾವಗಡ, ಮುಂಡರಗಿಗಳಂಥ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿ ಹಲ್ಲು ಕಂದುಗಟ್ಟಿದ್ದನ್ನು ಕೇಳಿದವರು ಹೆದರುತ್ತಾರೆ. ಅದು ವರ್ಷಗಟ್ಟಲೆ ಕುಡಿದದ್ದರ ಫಲ. ಪೇಸ್ಟು ಉಗುಳುವ ವಸ್ತು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕು. ಉಜ್ಜಿದ ಮೇಲೆ ನೊರೆಯನ್ನು ಉಗುಳಿ, ಚೊಂಬು ಚೊಂಬು ನೀರಿನಿಂದ ಮುಕ್ಕಳಿಸದಿದ್ದರೆ ಫ್ಲೋರೈಡ್ ಹಲ್ಲಿನ ಮೇಲೆ ನಿಂತು ಕೆಲಸ ಮಾಡುತ್ತದೆ. ಇದ್ದಿಲು, ಇಟ್ಟಿಗೆ ಪುಡಿ, ಬೂದಿಗಳನ್ನು ಇಂದಿನಿಂದಲೇ ಬಿಡಿ. ತಂಬಾಕು ಬೆರೆತ ಹಲ್ಲುಪುಡಿಗಳನ್ನಂತೂ ಸರ್ಕಾರವೇ 1992ರಲ್ಲಿ ನಿಷೇಧಿಸಿದೆ.

ತಾಯಂದಿರಲ್ಲಿ ಒಂದು ವಿಶೇಷ ವಿನಂತಿ. ಮಗುವಿಗೆ ಆರು ವರ್ಷವಾದಾಗ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಒಂದು ದೊಡ್ಡ ದವಡೆ ಹಲ್ಲು ಹುಟ್ಟುತ್ತದೆ. ಅದನ್ನೂ ಹಾಲುಹಲ್ಲೆಂದೇ ಭಾವಿಸಿ, ಹುಳುಕಾದರೆ ಬಿದ್ದುಹೋಗಿ ಬೇರೆ ಬರುತ್ತದೆಂದು ಸುಮ್ಮನಿರುತ್ತಾರೆ. ಅದು ಶಾಶ್ವತ ಹಲ್ಲು, ಹೋದರೆ ಹೋಯಿತು. ಕಬ್ಬಿನ ಸೀಮೆಯ ನಮ್ಮ ಮಕ್ಕಳಿಗೆ ಆಲೆಮನೆಯ ಬಿಸಿಬೆಲ್ಲ ಬೇಡವೆಂದು ಹೇಳುವಷ್ಟು ನಿರ್ದಯಿ ನಾನಲ್ಲ. ಒಮ್ಮೆ ತಿಂದು ಬಾಯಿ ತೊಳೆದರೆ ಹಾನಿ ಅಲ್ಪ. ಜೇಬಿನಲ್ಲಿಟ್ಟುಕೊಂಡು ದಿನವಿಡೀ ಚಪ್ಪರಿಸಿದರೆ ಪ್ರತಿ ಸಲವೂ ಅರ್ಧ ಗಂಟೆ ಹಲ್ಲು ಆಮ್ಲದಲ್ಲಿ ನೆನೆಯುತ್ತದೆ. ಏಳೆಂಟು ವರ್ಷದವರೆಗೆ ರಾತ್ರಿ ಹಲ್ಲನ್ನು ತಾಯಿಯೋ ತಂದೆಯೋ ಉಜ್ಜಿಸಬೇಕು. ಮಠಗಳ ವಿದ್ಯಾರ್ಥಿನಿಲಯಗಳಲ್ಲಿ ರಾತ್ರಿಯ ಪ್ರಸಾದವಾದ ಮೇಲೆ, ಮಲಗುವ ಮುನ್ನ, ಮಕ್ಕಳೆಲ್ಲರೂ ಸಾಲಾಗಿ ನಿಂತು ಹಲ್ಲುಜ್ಜುವ ಏರ್ಪಾಡಾದರೆ ಅದಕ್ಕೆ ತಗಲುವ ಖರ್ಚು ಮಗುವಿಗೆ ಮೂರು ತಿಂಗಳಿಗೊಂದು ಬ್ರಶ್ ಮಾತ್ರ. ವಿದ್ಯಾರ್ಥಿನಿಲಯಗಳನ್ನು ನೋಡಿಕೊಳ್ಳುವವರು ದಯಮಾಡಿ ಈ ಬಗ್ಗೆ ಯೋಚಿಸಬೇಕು.

ಊಟದ ನಂತರ ಎಲೆ ಅಡಿಕೆಯೊಡನೆ ಕಡ್ಡಿಪುಡಿ ಸೇರಿಸಿ ದವಡೆಯಲ್ಲಿಟ್ಟುಕೊಂಡೇ ನಿದ್ರೆ ಹೋಗುವವರಿಗೆ ಯಾವ ಬ್ರಶ್ಶೂ ರಕ್ಷಣೆ ನೀಡಲಾರದು. ತಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯಿಯೊಳಗೆ ಹೋಗುತ್ತವೆಯೇ ಎಂದು ಅವರು ಇಂದೇ ನೋಡಿಕೊಳ್ಳಲಿ. ಹೋಗದಿದ್ದರೆ, ಅಥವಾ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಇಲ್ಲವೇ ಕೆಂಪು ಮಚ್ಚೆ ಇದ್ದರೆ, ನನ್ನಂಥವರ ಚೂರ್ಣಕ್ಕಾಗಿ ಕಾಯದೆ ತಜ್ಞರನ್ನು ಕಾಣಬೇಕು. ಸುತ್ತೂರು ಮಠದ ವಿದ್ಯಾಪೀಠ 1986ರಲ್ಲಿ ಆರಂಭಿಸಿದ ದಂತ ವೈದ್ಯಕೀಯ ಮಹಾವಿದ್ಯಾಲಯ ಮೈಸೂರಿನಲ್ಲಿಯೇ ಇದೆ, ನಮಗೆ ದೂರವೇನಲ್ಲ. ಮಧುಮೇಹಿಗಳು ವರ್ಷಕ್ಕೆ ಎರಡು ಸಲವಾದರೂ ವಸಡನ್ನು ತೋರಿಸಿಕೊಳ್ಳಲಿ. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡಿನಲ್ಲಿ ಕೀವಿದ್ದರೆ ಸಕ್ಕರೆ ಹತೋಟಿಗೆ ಬರಲು ಸತಾಯಿಸುತ್ತದೆ. ಮೊದಲು ಹೇಳಿದ ಆ ರೈತರಿಗೂ ಮಧುಮೇಹವಿತ್ತೆಂಬುದು ತಿಳಿದದ್ದು ಹಲ್ಲು ತೋರಿಸಲು ಹೋದಾಗಲೇ. ಎರಡು ಹಲ್ಲುಗಳು ಹೋದವು. ಉಳಿದವನ್ನು ಅವರು ರಾತ್ರಿ ಬ್ರಶ್ಶಿನಿಂದ ಕಾಪಾಡಿಕೊಂಡು ಬಂದಿದ್ದಾರೆ. ಕಳೆದ ಕಾರ್ತಿಕದಲ್ಲಿ ಅವರ ಮನೆಯಲ್ಲಿ ಉಂಡೆ. ಬಸ್ಸಾರಿನ ಪಲ್ಯವನ್ನು ಎರಡನೆಯ ಸಲ ಹಾಕಿಸಿಕೊಂಡರು.